ಬಾಕ್ಸ್ ಮೇಲೆ 580, ಒಳಗೆ ಬೇರೆ: ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ನನ್ನ ಪರ್ಸ್‌ನಲ್ಲಿ ಈಗಲೂ ಒಂದು ಚೀಟಿ ಇದೆ. ಬಿಳಿ ಹಾಳೆ, ನೀಲಿ ಇಂಕು. 'ವಿಜಿಎ ಕಾರ್ಡ್ 8 ಜಿಬಿ, 9,200' ಅಂತ ಬರೆದು ಕೆಳಗೊಂದು ಗೀಟು ಎಳೆದಿದ್ದಾರೆ. ಪಿಸಿಯಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನೇ ಅವರು ವಿಜಿಎ ಕಾರ್ಡ್ ಅಂದಿದ್ದು. ಅಂಗಡಿಯ ಸೀಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಕಾರ್ಡಿನ ಸೀರಿಯಲ್ ನಂಬರ್ ಇಲ್ಲ. ಯಾವ ಕಂಪನಿಯ ಕಾರ್ಡ್ ಅಂತಲೂ ಇಲ್ಲ. ಇದನ್ನೇ ನಾನು ಬಿಲ್ ಅಂದುಕೊಂಡಿದ್ದೆ. ಮನೆಯಲ್ಲೇ ಗೇಮಿಂಗ್ ಪಿಸಿ ಕಟ್ಟಲು ಹೊರಟವರು ನನ್ನ ಹಾಗೆ ಮಾಡಿಕೊಳ್ಳಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

2022ರ ಕೊನೆಗೆ ನನ್ನ ತಮ್ಮ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೇರಿದ. ಲ್ಯಾಪ್‌ಟಾಪ್ ಬೇಡ, ಪಿಸಿ ಕಟ್ಟೋಣ ಅಣ್ಣ ಅಂತ ಹಟ. ಓದೋಕೆ ಅಂತ ಅಮ್ಮನಿಗೆ ಹೇಳಿದ್ದು. ಆಡೋಕೆ ಅಂತ ನಮ್ಮಿಬ್ಬರಿಗೂ ಗೊತ್ತು. ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ಎಸ್‌ಪಿ ರಸ್ತೆಯಲ್ಲಿ ಸುತ್ತಾಡಿ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಎಲ್ಲ ತಂದುಕೊಟ್ಟ. ಅವೆಲ್ಲ ಇವತ್ತಿಗೂ ಚೆನ್ನಾಗಿ ಓಡುತ್ತಿವೆ. ಗ್ರಾಫಿಕ್ಸ್ ಕಾರ್ಡಿಗೆ ಬರುವಷ್ಟರಲ್ಲಿ ದುಡ್ಡು ಮುಗಿದಿತ್ತು. ಕೈಯಲ್ಲಿ ಉಳಿದಿದ್ದು ಹತ್ತು ಸಾವಿರ.

ಅದಕ್ಕೆ ಮೊದಲು ಎರಡು ತಿಂಗಳು ನಾವಿಬ್ಬರೂ ಬ್ರ್ಯಾಂಡ್ ಬಗ್ಗೆ ಜಗಳ ಆಡಿದ್ದೆವು. ಎನ್‌ವಿಡಿಯಾನಾ, ಎಎಂಡಿನಾ? ಅವನಿಗೆ ಬಿಳಿ ಬಣ್ಣದ್ದು ಬೇಕು, ಮೂರು ಫ್ಯಾನ್ ಇರಬೇಕು, ಲೈಟ್ ಮಿನುಗಬೇಕು. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಗಂಟೆಗಟ್ಟಲೆ ವಿಡಿಯೋ ನೋಡಿದ್ದೇವೆ. ಅದರಲ್ಲಿ ಒಂದಾದರೂ ಕೆಲಸಕ್ಕೆ ಬಂತಾ ಅಂದ್ರೆ, ಇಲ್ಲ.

ನಮಗೆ ಗೊತ್ತಿಲ್ಲದ ಮೊದಲ ವಿಷಯ ಇದು. ಎನ್‌ವಿಡಿಯಾ, ಎಎಂಡಿ ಮುಖ್ಯವಾಗಿ ಚಿಪ್ ಕೊಡುವವರು. ಅದನ್ನು ತಗೊಂಡು ಬೋರ್ಡ್, ಫ್ಯಾನ್, ಹೀಟ್‌ಸಿಂಕ್ ಸೇರಿಸಿ ಡಬ್ಬಿಗೆ ಹಾಕುವವರು ಬೇರೆ. ಕಾಟನ್ ಮಿಲ್ಲಿನ ಕಾಲ ನೆನಪಿರುವ ನಮ್ಮೂರಿನವರಿಗೆ ಹೇಳಬೇಕಂದ್ರೆ, ಬಟ್ಟೆ ಮಿಲ್ಲಿನದು, ಹೊಲಿಗೆ ಟೈಲರ್‌ದು. ಅಸೂಸ್, ಗಿಗಾಬೈಟ್ ಎರಡೂ ಮಿಲ್ಲಿನ ಬಟ್ಟೆ ಹೊಲಿಯುತ್ತವೆ. ಝೊಟ್ಯಾಕ್, ಗ್ಯಾಲಕ್ಸ್, ಇನ್ನೋ3ಡಿ ಎನ್‌ವಿಡಿಯಾದ್ದನ್ನು ಹೊಲಿಯುತ್ತವೆ. ಸಫೈರ್, ಪವರ್‌ಕಲರ್ ಎಎಂಡಿಯದ್ದನ್ನು. ಒಂದೇ ಚಿಪ್ ಆದರೆ ಆಟದ ವೇಗದಲ್ಲಿ ಇವರ ನಡುವಿನ ವ್ಯತ್ಯಾಸ ತೀರಾ ಕಡಿಮೆ, ಕಣ್ಣಿಗೆ ಕಾಣುವಷ್ಟಲ್ಲ. ವ್ಯತ್ಯಾಸ ಇರೋದು ಸದ್ದಿನಲ್ಲಿ, ಬಿಸಿಯಲ್ಲಿ, ಮತ್ತೆ ಕಾರ್ಡ್ ಸತ್ತ ದಿನ. ಆ ದಿನದ ಬಗ್ಗೆ ನಾವು ಒಂದು ವಿಡಿಯೋನೂ ನೋಡಿರಲಿಲ್ಲ.

2023ರ ಜನವರಿ, ಸಂಕ್ರಾಂತಿ ಆಸುಪಾಸು. ಊರಿನದೇ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. 'ಆರ್‌ಎಕ್ಸ್ 580, 8 ಜಿಬಿ, ಹೊಸ ಪೀಸ್, ಸೀಲ್ಡ್ ಸರ್' ಅಂತ ಒಂದು ಬಾಕ್ಸ್ ಇಟ್ಟರು. ಚಿಪ್ ಎಎಂಡಿಯದು, ಕಾರ್ಡ್ ಚೀನಾದ ಯಾವುದೋ ಬ್ರ್ಯಾಂಡಿನದು, ನಾವು ಕೇಳಿದ್ದೇ ಇಲ್ಲ. ಬಾಕ್ಸ್ ಮೇಲೆ ಕೆಂಪು ಡ್ರ್ಯಾಗನ್. 'ಚಿಪ್ ಅದೇ ತಾನೇ ಸರ್, ಹೆಸರಿಗೆ ಯಾಕೆ ದುಡ್ಡು ಕೊಡ್ತೀರಿ?' ಅಂದರು. ಈಗಷ್ಟೇ ನಾನೇ ಹೇಳಿದ ಮಾತು ಅದು, ಅಲ್ವಾ? ಅದಕ್ಕೇ ತಲೆ ಆಡಿಸಿದೆ.

'ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳುತ್ತೆ' ಅಂದರು. ಲೆಕ್ಕ ಹಾಕಿದೆ, 1,656 ರೂಪಾಯಿ. ಬೇಡ ಬಿಡಿ ಅಂದೆ. ದಯವಿಟ್ಟು ಬೈಯಬೇಡಿ, ಆ ಕೆಲಸ ನಮ್ಮಮ್ಮ ಆಗಲೇ ಮಾಡಿದ್ದಾರೆ.

ಮೊದಲ ಎರಡು ತಿಂಗಳು ಏನೂ ತೊಂದರೆ ಇಲ್ಲ. ತಮ್ಮ ಖುಷಿ. ಯುಗಾದಿಗೆ ಚಿಕ್ಕಪ್ಪನ ಮಗ ಬಂದ. ಹೋಳಿಗೆ ಊಟ ಆದಮೇಲೆ ಪಿಸಿ ಮುಂದೆ ಕೂತು ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿದ. ಬಿಟ್ಟಿ ಸಿಗುತ್ತದೆ, ಚಿಕ್ಕದು. ಅದರಲ್ಲಿ ಶೇಡರ್ಸ್ ಅಂತ ಒಂದು ಸಾಲು ಇರುತ್ತದೆ, ಚಿಪ್‌ನಲ್ಲಿ ಲೆಕ್ಕ ಮಾಡುವ ಪುಟ್ಟ ಕೋರ್‌ಗಳು ಎಷ್ಟು ಅಂತ ತೋರಿಸುವುದು. ಅಲ್ಲಿ 2048 ಅಂತ ಇತ್ತು. ಅವನು ನಗಲಿಲ್ಲ. 'ಅಣ್ಣ, 580 ಅಂದ್ರೆ 2304 ಇರಬೇಕು' ಅಂದ.

ವಿಷಯ ಏನಪ್ಪಾ ಅಂದ್ರೆ, ಆರ್‌ಎಕ್ಸ್ 580 ಬಂದಿದ್ದು 2017ರ ಏಪ್ರಿಲ್‌ನಲ್ಲಿ, 2304 ಕೋರ್‌ಗಳ ಜೊತೆ. 2018ರ ಅಕ್ಟೋಬರ್‌ನಲ್ಲಿ ಮುಖ್ಯವಾಗಿ ಚೀನಾ ಮಾರ್ಕೆಟ್ಟಿಗೆ ಅಂತ 580 2048 ಎಸ್‌ಪಿ ಅನ್ನೋ ಇನ್ನೊಂದು ಬಂತು. ಅದರಲ್ಲಿ ಕೋರ್ 2048. ಆರ್‌ಎಕ್ಸ್ 570ರಲ್ಲೂ ಅಷ್ಟೇ ಇರೋದು. ಅಂದ್ರೆ ಹೆಚ್ಚುಕಡಿಮೆ 570ಕ್ಕೆ 580 ಅಂತ ಹೆಸರು. ಆ ಕಾರ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಬಾಕ್ಸ್ ಮೇಲೆ ದೊಡ್ಡದಾಗಿ 580 ಅಂತಷ್ಟೇ ಇತ್ತು. '2048 ಎಸ್‌ಪಿ' ಎಲ್ಲಿ ಅಂತ ಹುಡುಕಿದರೆ ಹಿಂಬದಿಯಲ್ಲಿ, ಬಾರ್‌ಕೋಡ್ ಪಕ್ಕ, ಇರುವೆ ಸಾಲಿನ ಹಾಗಿರುವ ಅಕ್ಷರದಲ್ಲಿತ್ತು. ರಾಜ್ಯದ ತುಂಬ 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ನೋಡಿ ನಗುವವರು ನಾವು. ನಮಗೇ ಯಾರೋ ಡಾಲ್ಡಾ ದೋಸೆ ತಿನ್ನಿಸಿದ್ದರು.

ಅಂಗಡಿಗೆ ಫೋನ್ ಮಾಡಿದೆ. 'ಅದೂ 580ನೇ ಸರ್, ಚೈನಾ ಮಾಡೆಲ್' ಅಂದರು. ಓಡ್ತಾ ಇದೆಯಲ್ಲ, ಹೋಗಲಿ ಬಿಡು ಅಂತ ನಾನೂ ಸುಮ್ಮನಾದೆ. ಆಗಲೇ ವಾಪಸ್ ಕೊಡಬೇಕಿತ್ತು.

ಮೇ ತಿಂಗಳು ಬಂತು. ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಒಂದು ರಾತ್ರಿ ತಮ್ಮ ಆಡುತ್ತಿದ್ದಾಗ ಪರದೆ ತುಂಬ ಬಣ್ಣಬಣ್ಣದ ಚೌಕಗಳು ಬಂದವು, ಯಾರೋ ರಂಗೋಲಿ ಚುಕ್ಕಿ ಇಟ್ಟ ಹಾಗೆ. ಆಮೇಲೆ ಕಪ್ಪು. ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಸರಿ, ಮತ್ತೆ ಚೌಕಗಳು. ವಾರ ಕಳೆಯುವಷ್ಟರಲ್ಲಿ ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಬಿಟ್ಟರೂ ಬರತೊಡಗಿತು.

ಅಂಗಡಿಯವರು ಮೊದಲು ತಪ್ಪನ್ನು ಎಸ್‌ಎಂಪಿಎಸ್ ಮೇಲೆ ಹಾಕಿದರು. 'ನಿಮ್ಮ ಮನೇಲಿ ಕರೆಂಟ್ ಏರಿಳಿತ ಇರುತ್ತೆ ಸರ್.' ತಮ್ಮನ ಗೆಳೆಯನ ಮನೆಯಿಂದ ಬೇರೆ ಎಸ್‌ಎಂಪಿಎಸ್ ತಂದು ಹಾಕಿದೆವು. ಅದೇ ಕಥೆ. ಕಾರ್ಡನ್ನೇ ಅವನ ಪಿಸಿಗೆ ಹಾಕಿದೆವು. ಅಲ್ಲೂ ರಂಗೋಲಿ. ಇದು ಒಳ್ಳೆಯ ಪರೀಕ್ಷೆ, ನೀವೂ ಜಗಳಕ್ಕೆ ಹೋಗುವ ಮುಂಚೆ ಮಾಡಿ ವಿಡಿಯೋ ತೆಗೆದಿಟ್ಟುಕೊಳ್ಳಿ. ವಿಡಿಯೋ ತೋರಿಸಿದಾಗ ಮಾತು ಬದಲಾಯಿತು: 'ಒಂದು ತಿಂಗಳು ಟೆಸ್ಟಿಂಗ್ ವಾರಂಟಿ ಅಂತ ಅವತ್ತೇ ಹೇಳಿದ್ದೆನಲ್ಲ.'

ಹೇಳಿದ್ದರಾ? ನನಗಂತೂ ನೆನಪಿಲ್ಲ. ಬಾಕ್ಸ್ ಮೇಲೆ ಮೂರು ವರ್ಷ ಅಂತ ಇತ್ತು. ಸರಿ, ಕಂಪನಿಗೇ ಕೇಳೋಣ ಅಂತ ಅದರ ಮೇಲಿದ್ದ ಕೋಡ್ ಸ್ಕ್ಯಾನ್ ಮಾಡಿದರೆ ಪೂರ್ತಿ ಚೀನೀ ಅಕ್ಷರದ ಪುಟ. ಇಂಡಿಯಾದಲ್ಲಿ ಆ ಬ್ರ್ಯಾಂಡಿಗೆ ಫೋನ್ ನಂಬರ್ ಸಿಗಲಿಲ್ಲ, ಆಫೀಸ್ ಸಿಗಲಿಲ್ಲ. ಆಗ ಬಾಕ್ಸ್ ತಿರುಗಿಸಿ ತಿರುಗಿಸಿ ನೋಡಿದೆ. ಎಂಆರ್‌ಪಿ ಸ್ಟಿಕ್ಕರ್ ಇಲ್ಲ. ಆಮದು ಮಾಡಿದವರ ಹೆಸರು, ವಿಳಾಸ ಇಲ್ಲ. ಹೊರದೇಶದಿಂದ ತಂದು ಡಬ್ಬಿಯಲ್ಲಿ ಮಾರುವ ಸಾಮಾನಿನ ಮೇಲೆ ಇವು ಇರಲೇಬೇಕು ಅಂತ 2011ರ ತೂಕ-ಅಳತೆ ನಿಯಮಗಳೇ ಹೇಳುತ್ತವೆ. ಬಿಸ್ಕತ್ ಪ್ಯಾಕಿನ ಮೇಲೆ ನೋಡುತ್ತೇವೆ, ಒಂಬತ್ತು ಸಾವಿರದ ಕಾರ್ಡ್ ಮೇಲೆ ನೋಡಲಿಲ್ಲ.

ಕೊನೆಗೆ ಕಾರ್ಡನ್ನು ಚಿಕ್ಕಪ್ಪನ ಮಗನಿಗೆ ಕೊರಿಯರ್ ಮಾಡಿದೆ. ಅವನು ಬೆಂಗಳೂರಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದ. ಅವರು ಬಿಚ್ಚಿದ ಕೂಡಲೇ ಕೇಳಿದ್ದು, 'ಇದನ್ನ ಹೊಸದು ಅಂತ ಕೊಟ್ಟರಾ?' ಸ್ಕ್ರೂ ತಲೆಗಳು ಮೊದಲೇ ಉಜ್ಜಿಹೋಗಿದ್ದವು. ಚಿಪ್‌ಗಳ ಬಿಸಿ ಎಳೆಯುವ ಥರ್ಮಲ್ ಪ್ಯಾಡಿನಿಂದ ಎಣ್ಣೆ ಜಿನುಗಿ ಬೋರ್ಡೆಲ್ಲ ಅಂಟು. ಮೈನಿಂಗ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸದಲ್ಲಿ, ದುಡಿದು ಬಂದ ಮಾಲು, ಮೇಲೆ ಹೊಸ ಫ್ಯಾನ್ ಹಾಕಿದ್ದಾರೆ ಅಂದರಂತೆ. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿತು. ಅವತ್ತಿನಿಂದ ಗ್ರಾಫಿಕ್ಸ್ ಕಾರ್ಡ್ ಇಟ್ಟು ಅದನ್ನು ಮೈನ್ ಮಾಡುವುದು ನಿಂತುಹೋಯಿತು. ಹಗಲು ರಾತ್ರಿ ಓಡಿದ್ದ ಕಾರ್ಡ್‌ಗಳೆಲ್ಲ ಮಾರ್ಕೆಟ್ಟಿಗೆ ಬಂದವು. 580 8 ಜಿಬಿ ಮೈನಿಂಗ್‌ನವರ ಅಚ್ಚುಮೆಚ್ಚಿನ ಕಾರ್ಡ್ ಆಗಿತ್ತು. ನಾವು ಕೊಂಡಿದ್ದು ಅದಾಗಿ ನಾಲ್ಕೇ ತಿಂಗಳಿಗೆ.

ರಿಪೇರಿಗೆ 3,500 ಕೇಳಿದರು, ಗ್ಯಾರಂಟಿ ಇಲ್ಲ ಅಂದರು. ಬೇಡ ಅಂದೆ. ಇನ್ನೊಂದು ಉರಿ ಕೇಳಿ. ಅದೇ ವರ್ಷದ ಕೊನೆಗೆ ಎಎಂಡಿ ಈ ತಲೆಮಾರಿನ ಕಾರ್ಡ್‌ಗಳನ್ನು ಡ್ರೈವರ್ (ಕಾರ್ಡ್ ಓಡಿಸುವ ಸಾಫ್ಟ್‌ವೇರ್) ಅಪ್‌ಡೇಟ್‌ನ ಮುಖ್ಯ ಸಾಲಿನಿಂದ ಬೇರೆ ಮಾಡಿತು. ಅಂದ್ರೆ ಸಾಯದೆ ಉಳಿದಿದ್ದರೂ ಹೊಸ ಆಟಗಳಿಗೆ ಅದು ಹಿಂದೆ ಬೀಳುತ್ತಿತ್ತು.

ನನ್ನದಾದರೂ ನಾಲ್ಕು ತಿಂಗಳು ಓಡಿತು. ಚಿತ್ರದುರ್ಗದಲ್ಲಿರುವ ಸೋದರಮಾವನ ಮಗ ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ 4,500ಕ್ಕೆ ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ತಗೊಂಡ. ಫೋಟೋ ಕಳಿಸಿದ. ನೋಡಿದರೆ ಕಾರ್ಡಿನ ಹಿಂದೆ ಹಳೇ ಮಾನಿಟರ್ ಸಿಕ್ಕಿಸುವ ನೀಲಿ ವಿಜಿಎ ಪೋರ್ಟ್. ಅಸಲಿ 1050 ಟಿಐಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಆ ಚಿಪ್‌ಗೆ ತಾನಾಗಿ ವಿಜಿಎ ಸಿಗ್ನಲ್ ಕೊಡಲು ಬರುವುದಿಲ್ಲ. ಜಿಪಿಯು-ಝಡ್ ಹಾಕಿಸಿದೆ. ಕಾರ್ಡಿನ ಹೆಸರಿನ ಮುಂದೆಯೇ 'ಫೇಕ್' ಅಂತ ತೋರಿಸಿತು. ಯಾವುದೋ ಹಳೇ ಕಾರ್ಡಿನ ಬಯಾಸ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರ್) ಬದಲಿಸಿ ಹೆಸರು ಅಂಟಿಸಿದ್ದರು. ಮಾರಿದವನ ಫೋನ್ ಅವತ್ತೇ ಸ್ವಿಚ್ ಆಫ್.

ಹಾಗಂತ ದೊಡ್ಡ ಹೆಸರಿನ ಬಾಕ್ಸ್ ಆದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಲೂ ಅಲ್ಲ. ಜಿಟಿ 1030 ಎರಡು ಥರ ಇದೆ, ಒಂದರಲ್ಲಿ ಜಿಡಿಡಿಆರ್5 ಮೆಮೊರಿ, ಇನ್ನೊಂದರಲ್ಲಿ ಡಿಡಿಆರ್4. ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿಯದಕ್ಕೆ ಚಿಪ್‌ಗೂ ಮೆಮೊರಿಗೂ ನಡುವೆ 192 ಬಿಟ್ ದಾರಿ (ಇದಕ್ಕೇ ಬಸ್ ಅನ್ನೋದು), 8 ಜಿಬಿಯದಕ್ಕೆ 128. ಹೆಸರು ಮಾತ್ರ ಒಂದೇ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಕೋರ್ ಎಷ್ಟು, ಮೆಮೊರಿ ಯಾವುದು, ಬಸ್ ಎಷ್ಟು ಬಿಟ್ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯಲ್ಲೇ ಹಾಕಿಸಿ ಜಿಪಿಯು-ಝಡ್‌ನಲ್ಲಿ ಹೊಂದಿಸಿ ನೋಡಿ. ಹಾಕಿ ತೋರಿಸಲ್ಲ ಅಂದ್ರೆ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.

ಮತ್ತೆ ಬ್ರ್ಯಾಂಡ್ ನೋಡಿಯೇ ಕೊಂಡರೂ ಆ ಬ್ರ್ಯಾಂಡ್ ಶಾಶ್ವತ ಅಂದುಕೊಳ್ಳಬೇಡಿ. ಇವಿಜಿಎ ಅಂತ ಅಮೆರಿಕದಲ್ಲಿ ಬಹಳ ಒಳ್ಳೆ ಹೆಸರಿದ್ದ ಕಂಪನಿ, 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ವ್ಯಾಪಾರವನ್ನೇ ಬಿಟ್ಟಿತು.

ಎರಡನೇ ಸಲ ಒಂದು ವರ್ಷ ಕಾದು ದುಡ್ಡು ಕೂಡಿಸಿ ಆರ್‌ಎಕ್ಸ್ 6600 ತಗೊಂಡೆವು. ಈ ಸಲ ವಿಡಿಯೋ ನೋಡಲಿಲ್ಲ. ಮೂರು ಬ್ರ್ಯಾಂಡುಗಳ ಸರ್ವಿಸ್ ನಂಬರಿಗೆ ಫೋನ್ ಮಾಡಿದೆ. ಕೆಟ್ಟರೆ ಎಲ್ಲಿಗೆ ಕಳಿಸಬೇಕು? ದಾವಣಗೆರೆಯಿಂದ ಕೊರಿಯರ್ ಖರ್ಚು ಯಾರದು? ವಾರಂಟಿ ಬಿಲ್ ದಿನಾಂಕದಿಂದಲೋ, ಸೀರಿಯಲ್ ನಂಬರಿನಿಂದಲೋ? ಒಬ್ಬರು ಫೋನ್ ಎತ್ತಲಿಲ್ಲ. ಒಬ್ಬರು ಅಂಗಡಿಯವರನ್ನೇ ಕೇಳಿ ಅಂದರು. ಮೂರನೆಯವರು ಬೆಂಗಳೂರಿನ ಸೆಂಟರ್ ವಿಳಾಸ ಹೇಳಿ, ಕಳಿಸುವ ಖರ್ಚು ನಿಮ್ಮದು, ವಾಪಸ್ ಬರೋದು ನಮ್ಮದು ಅಂದರು. ಅವರದ್ದನ್ನೇ ತಗೊಂಡೆ. ಲೈಟ್ ಇಲ್ಲ, ಬಿಳಿ ಬಣ್ಣ ಅಲ್ಲ, ಎರಡೇ ಫ್ಯಾನ್. ಜಿಎಸ್‌ಟಿ ಬಿಲ್ ತಗೊಂಡು ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ, ಬಾಕ್ಸ್ ಮೇಲಿನದು, ಕಾರ್ಡ್ ಮೇಲಿನದು, ಬಿಲ್ ಮೇಲಿನದು ಮೂರನ್ನೂ ಹೊಂದಿಸಿ ಫೋಟೋ ತೆಗೆದೆ. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ಆಗಲೇ ಮೋಸ ಹೋಗಿದ್ದೀರಾ? ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಫೀಸ್ ಇಲ್ಲ. ಬಿಲ್ ಕೊಡದೆ ಮಾರುವುದೇ 2019ರ ಕಾಯ್ದೆ ಪ್ರಕಾರ ತಪ್ಪು. ಆದರೆ ಬಿಲ್ ಬೇಡ ಅಂದಿದ್ದು ನಾನೇ. ಪರಿಚಯದ ವಕೀಲರು ನನ್ನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇದರಲ್ಲಿ ಅಂಗಡಿ ಹೆಸರು ಎಲ್ಲಿದೆ ರೀ?' ಅಂತ ಕೇಳಿ ವಾಪಸ್ ಕೊಟ್ಟರು.

ಸತ್ತ ಕಾರ್ಡ್ ತಮ್ಮನ ಟೇಬಲ್ ಮೇಲೆ ಬಹಳ ದಿನ ಇತ್ತು. 'ಸಣ್ಣ ಡಿಸ್‌ಪ್ಲೇ ಪ್ರಾಬ್ಲಂ ಅಂತ ಹಾಕಿದ್ರೆ ಎರಡು ಸಾವಿರ ಬರುತ್ತೆ ಅಣ್ಣ' ಅಂದ ಒಂದು ದಿನ. ಹತ್ತು ನಿಮಿಷ ಓಡುತ್ತಲ್ಲ, ತಗೊಳ್ಳುವವರು ಅಷ್ಟೇ ನೋಡೋದು. ನಾನು ಏನೂ ಹೇಳದೆ ಅವನ ಮುಖ ನೋಡಿದೆ. ಅವನೇ ಸ್ಕ್ರೂಡ್ರೈವರ್ ತಗೊಂಡು ಫ್ಯಾನ್‌ಗಳನ್ನು ಬಿಚ್ಚಿಟ್ಟುಕೊಂಡು, ಬೋರ್ಡನ್ನು ಗುಜರಿಯವನಿಗೆ ಕೊಟ್ಟ.