ಮೊದಲ ಮ್ಯೂಸಿಕ್ ಸ್ಟ್ರೀಮರ್ ತಗೊಳ್ಳೋರಿಗೆ: ವೀಮ್ ಪ್ರೊ ಯಾರಿಗೆ ಸಾಕು, ಯಾರಿಗೆ ಸಾಲದು

ಸ್ಟ್ರೀಮರ್, ಅಂದರೆ ಇಂಟರ್‌ನೆಟ್‌ನ ಹಾಡನ್ನು ಆಂಪ್ಲಿಫೈಯರಿಗೆ ತಲುಪಿಸುವ ಡಬ್ಬಿ, ತಗೊಳ್ಳಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಯಾವುದರ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಭಾಗ) ಚೆನ್ನಾಗಿದೆ ಅಂತ. ನನ್ನ ಲೆಕ್ಕದಲ್ಲಿ ಅದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಬೇರೆ. ನೀವು ಕೇಳುವ ಹಾಡು ಎಲ್ಲಿಂದ ಬರುತ್ತದೆ? ಆ ಡಬ್ಬಿಯ ಆಪ್ ಮಾಡಿದವರು ನಾಳೆಯೂ ಅದನ್ನು ನೋಡಿಕೊಳ್ಳುತ್ತಾರಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗೇ ಆಗಿಬಿಡುತ್ತದೆ.

ನಮ್ಮ ಮನೆಯಲ್ಲಿರುವುದು ವೀಮ್ (WiiM) ಕಂಪನಿಯ ಪ್ರೊ ಅನ್ನೋ ಸ್ಟ್ರೀಮರ್. ಹಳೇ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್, ಅದರ ಮೇಲೆ ಇದು. ದಿನಾ ಬೆಳಿಗ್ಗೆ ರಾತ್ರಿ ಓಡುತ್ತದೆ. ಆದ್ದರಿಂದ ಇದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ, ಬೇರೆಯವುಗಳ ಮಾತು ನಡುನಡುವೆ ಬರುತ್ತದೆ.

ಬ್ಲೂಟೂತ್ ಇದೆಯಲ್ಲ, ಮತ್ತೆ ಇದೆಲ್ಲ ಯಾಕೆ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಬ್ಲೂಟೂತ್‌ನಲ್ಲಿ ಹಾಡು ಫೋನಿನ ಮೂಲಕವೇ ಹಾದು ಬರಬೇಕು, ದಾರಿಯಲ್ಲಿ ಇನ್ನೊಂದು ಸಲ ಕುಗ್ಗಬೇಕು. ಫೋನ್ ಬಂದರೆ ಹಾಡು ನಿಲ್ಲುತ್ತದೆ, ಮೆಸೇಜ್ ಬಂದರೆ ಆ ಟಿಣ್ ಅನ್ನೋ ಸದ್ದು ದೊಡ್ಡ ಸ್ಪೀಕರಿನಲ್ಲಿ ಕೇಳಿಸುತ್ತದೆ, ಫೋನ್ ಹಿಡಿದುಕೊಂಡು ಹಾಲು ತರಲು ಹೋದರೆ ಹಾಡೂ ನಿಮ್ಮ ಜೊತೆ ಹೊರಟುಹೋಗುತ್ತದೆ. ಸ್ಟ್ರೀಮರ್ ಹಾಗಲ್ಲ. ವೈಫೈ ಮೂಲಕ ಹಾಡನ್ನು ಇಂಟರ್‌ನೆಟ್‌ನಿಂದ ತಾನೇ ಎಳೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಸ್ಪಾಟಿಫೈ ಕನೆಕ್ಟ್, ಗೂಗಲ್ ಕಾಸ್ಟ್ ಎರಡೂ ನಡೆಯುವುದು ಹೀಗೆ. ಆಪಲ್‌ನ ಏರ್‌ಪ್ಲೇನಲ್ಲಿ ಮಾತ್ರ ಹಾಡು ಸಾಮಾನ್ಯವಾಗಿ ಐಫೋನಿನಿಂದಲೇ ಹೋಗುತ್ತದೆ, ಆದರೆ ವೈಫೈನಲ್ಲಿ ಹೋಗುವುದರಿಂದ ಬ್ಲೂಟೂತ್‌ಗಿಂತ ಎಷ್ಟೋ ಮೇಲು.

ಈಗ ನಿಮ್ಮ ಹಾಡಿನ ಮೂಲಕ್ಕೆ ಬನ್ನಿ, ಇದೇ ಮುಖ್ಯ. ಹೊರದೇಶದ ವಿಮರ್ಶೆಗಳಲ್ಲೆಲ್ಲ ಟೈಡಲ್, ಕೋಬಜ಼್ ಅನ್ನೋ ಹಾಡಿನ ಸೇವೆಗಳ ಬಗ್ಗೆ ಪುಟಗಟ್ಟಲೆ ಬರೆದಿರುತ್ತಾರೆ. ಆ ಎರಡೂ ನಮ್ಮ ದೇಶದಲ್ಲಿ ಅಧಿಕೃತವಾಗಿ ಸೇವೆ ಕೊಡುತ್ತಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಟೈಡಲ್ ಕನೆಕ್ಟ್ ಅಂತ ಬರೆದಿದ್ದರೆ ಇಲ್ಲಿ ಕೂತವರಿಗೆ ಅದರಿಂದ ಏನೂ ಸಿಗುವುದಿಲ್ಲ, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರಿಗೆ ಸಿಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆಪಲ್ ಮ್ಯೂಸಿಕ್, ಜಿಯೋಸಾವನ್ ಈ ನಾಲ್ಕರಲ್ಲೇ ಇದ್ದಾರೆ. 2024ರಲ್ಲಿ ಏರ್‌ಟೆಲ್‌ನವರು ತಮ್ಮ ಹಾಡಿನ ಆಪ್ ವಿಂಕ್ ಮುಚ್ಚುತ್ತೇವೆ ಅಂತ ಹೇಳಿದ ಮೇಲೆ ಅಲ್ಲಿದ್ದ ಕೆಲವರು ಆಪಲ್ ಮ್ಯೂಸಿಕ್ ಕಡೆ ಬಂದರು.

ಸ್ಪಾಟಿಫೈ ಒಂದೇ ಸಾಕು ಅನ್ನುವವರು ಯಾವ ಸ್ಟ್ರೀಮರ್ ತಗೊಂಡರೂ ನಡೆಯುತ್ತದೆ, ಕನೆಕ್ಟ್ ಇಲ್ಲದ ಡಬ್ಬಿ ಸಿಗುವುದೇ ಕಷ್ಟ. ಯೂಟ್ಯೂಬ್ ಮ್ಯೂಸಿಕ್ ಕೇಳುವವರಿಗೆ ಗೂಗಲ್ ಕಾಸ್ಟ್ ಬೇಕೇ ಬೇಕು. ಹಳೇ ಭಾವಗೀತೆ, ಸುಗಮ ಸಂಗೀತ, ಆಕಾಶವಾಣಿಯ ಹಳೇ ರೆಕಾರ್ಡಿಂಗ್ ಎಲ್ಲ ಯೂಟ್ಯೂಬ್‌ನಲ್ಲಿ ಮಾತ್ರ ಸಿಗುವುದು ಎಷ್ಟೋ ಇದೆ, ಆದ್ದರಿಂದ ಕನ್ನಡದವರಿಗೆ ಇದು ಸಣ್ಣ ವಿಷಯ ಅಲ್ಲ. ಒಂದು ಸಂಗತಿ ತಿಳಿದಿರಲಿ: ಯೂಟ್ಯೂಬ್ ಮ್ಯೂಸಿಕ್ ಆಪ್‌ನಿಂದ ವೀಮ್ ಪ್ರೊಗೆ ಕಾಸ್ಟ್ ಆಗುತ್ತದೆ, ಮಾಮೂಲಿ ವಿಡಿಯೋ ಯೂಟ್ಯೂಬ್ ಆಪ್‌ನಿಂದ ಆಗುವುದಿಲ್ಲ. ಆಡಿಯೋ ಮಾತ್ರ ಇರುವ ಯಾವ ಕಾಸ್ಟ್ ಸಾಧನಕ್ಕೂ ಅದು ಹೀಗೇ. ವಿಡಿಯೋ ಆಪ್‌ನಲ್ಲಿರುವ ಕಚೇರಿ ಕೇಳಬೇಕು ಅಂದರೆ ಐಫೋನ್ ಇದ್ದವರು ಏರ್‌ಪ್ಲೇ ಹಿಡಿಯಬೇಕು, ಆಂಡ್ರಾಯ್ಡ್‌ನವರಿಗೆ ಬ್ಲೂಟೂತೇ ಗತಿ.

ಆಪಲ್ ಮ್ಯೂಸಿಕ್‌ನವರು ಇನ್ನೂ ಸ್ವಲ್ಪ ಹುಷಾರಾಗಿರಬೇಕು. 2021ರಿಂದ ಅದರಲ್ಲಿ ಲಾಸ್‌ಲೆಸ್ (ಹಾಡನ್ನು ಕುಗ್ಗಿಸುವಾಗ ಏನೂ ಕಳೆದುಹೋಗದ ರೂಪ) ಇದೆ, ಸಿ.ಡಿ.ಗಿಂತ ಮೇಲಿನ 24 ಬಿಟ್ 192 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಆದರೆ ವೀಮ್ ಆಪ್‌ನೊಳಗೆ ಆಪಲ್ ಮ್ಯೂಸಿಕ್ ಇಲ್ಲ. ಐಫೋನಿನಿಂದ ಏರ್‌ಪ್ಲೇ ಮಾಡಬೇಕು, ಇಂಥ ಡಬ್ಬಿಗಳಲ್ಲಿ ಅದು ಸಿ.ಡಿ. ಮಟ್ಟ ದಾಟುವುದಿಲ್ಲ. ನನಗೆ ಅಷ್ಟು ಸಾಕು. ಆದರೆ ಆಪಲ್ ಮ್ಯೂಸಿಕ್ ಇಟ್ಟುಕೊಂಡು, ದುಬಾರಿಯದು ಒಳ್ಳೆಯದೇ ಇರುತ್ತದೆ ಅಂತ ವೀಮ್ ಅಲ್ಟ್ರಾಗೆ ಹೋಗುವವರು ಒಂದು ಸಲ ನಿಲ್ಲಿ. ಅಲ್ಟ್ರಾದಲ್ಲಿ ಏರ್‌ಪ್ಲೇ ಇಲ್ಲ! ಕಡಿಮೆ ಬೆಲೆಯ ಮಿನಿ, ಪ್ರೊ, ಪ್ರೊ ಪ್ಲಸ್ ಮೂರರಲ್ಲೂ ಇದೆ, ದುಬಾರಿಯದರಲ್ಲಿ ಇಲ್ಲ. ಅಂಗಡಿಯಲ್ಲಿ ಇದನ್ನು ತಾನಾಗಿ ಹೇಳುವವರು ಕಡಿಮೆ.

ಈಗ ಡಬ್ಬಿ. ವೀಮ್ ಪ್ರೊ ಸುಮಾರು 14 ಸೆಂಟಿಮೀಟರ್ ಚೌಕದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಪರದೆ ಇಲ್ಲ, ನೋಡಲು ಏನೂ ವಿಶೇಷ ಇಲ್ಲ. ಎಲ್ಲ ಇರುವುದು ಹಿಂಭಾಗದಲ್ಲಿ. ಆಂಪ್ಲಿಫೈಯರಿಗೆ ಹೋಗುವ ಕೆಂಪು-ಬಿಳಿ ಆರ್‌ಸಿಎ ಔಟ್, ಹೊರಗಿನ ಡ್ಯಾಕ್‌ಗೆ ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಔಟ್, ಟಿ.ವಿ.ಗೆ ಆಪ್ಟಿಕಲ್ ಇನ್, ಜೊತೆಗೆ ಒಂದು ಲೈನ್ ಇನ್, ಈಥರ್ನೆಟ್ ಸಾಕೆಟ್. ಕರೆಂಟಿಗೆ ಯುಎಸ್‌ಬಿ-ಸಿ. 2022ರಲ್ಲಿ ಬಂದಾಗ ಅಮೆರಿಕದಲ್ಲಿ ಇದರ ಬೆಲೆ 149 ಡಾಲರ್. ಇಲ್ಲಿ ಆಮದು ಸುಂಕ ಎಲ್ಲ ಸೇರಿ ಜಾಸ್ತಿಯಾಗುತ್ತದೆ, ಹಬ್ಬದ ಸೇಲ್‌ನಲ್ಲಿ ಇಳಿಯುತ್ತದೆ, ಕಾದು ತಗೊಳ್ಳಿ.

ಆ ಲೈನ್ ಇನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಮನೆಯಲ್ಲಿ ಕ್ಯಾಸೆಟ್ ಡೆಕ್ ಇನ್ನೂ ಓಡುತ್ತಿದ್ದರೆ ಅದನ್ನು ಇಲ್ಲಿಗೆ ಸಿಕ್ಕಿಸಬಹುದು. ಎಂಬತ್ತರ ದಶಕದ ಭಾವಗೀತೆ ಕ್ಯಾಸೆಟ್ ಹಾಲಿನಲ್ಲಿ ತಿರುಗುತ್ತಿದ್ದರೆ ಅಡುಗೆಮನೆಯಲ್ಲಿ ಇನ್ನೊಂದು ವೀಮ್ ಇಟ್ಟು ಅಲ್ಲೂ ಅದನ್ನೇ ಕೇಳಬಹುದು. ಡಿಜಿಟಲ್‌ಗೆ ಬಂದ ಮೇಲೆ ಹಳೇ ಸಂಗ್ರಹ ಎಲ್ಲ ಅಟ್ಟ ಸೇರಬೇಕಾಗಿಲ್ಲ. ಎಲ್‌ಪಿ ಪ್ಲೇಯರ್ ಆದರೆ ಮಧ್ಯೆ ಫೋನೋ ಪ್ರಿಆಂಪ್ (ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಸಾಧನ) ಬೇಕು. ಅಲ್ಟ್ರಾದಲ್ಲಿ ಅದು ಒಳಗೇ ಇದೆ.

ಧ್ವನಿ ಹೇಗಿದೆ? ಚೆನ್ನಾಗಿದೆ. ಒಳಗಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಾಧಾರಣ ಡ್ಯಾಕ್ ಚಿಪ್, ಪ್ರೊ ಪ್ಲಸ್‌ನಲ್ಲಿ ಎಕೆಎಂ ಕಂಪನಿಯ ಒಳ್ಳೆಯ ಚಿಪ್. ಅಳತೆಯಲ್ಲಿ ಪ್ಲಸ್ ಮೇಲು, ಸಂಶಯ ಇಲ್ಲ. ಆದರೆ ಮಾಮೂಲಿ ಹಾಲ್, ಮಾಮೂಲಿ ಸ್ಪೀಕರ್, ಫ್ಯಾನ್ ತಿರುಗುತ್ತಿದೆ, ಕೆಳಗೆ ರಸ್ತೆ, ಇಂಥ ಕಡೆ ಆ ವ್ಯತ್ಯಾಸ ಹುಡುಕುತ್ತಾ ಕೂರುವುದಕ್ಕಿಂತ ಆ ದುಡ್ಡನ್ನು ಸ್ಪೀಕರಿಗೆ ಹಾಕಿ ಅಂತ ಧೈರ್ಯವಾಗಿ ಹೇಳುತ್ತೇನೆ. ಪ್ಲಸ್ ತಗೊಳ್ಳಲು ನನಗೆ ಕಾಣುವ ನಿಜವಾದ ಕಾರಣ ರಿಮೋಟ್. ಪ್ಲಸ್ ಜೊತೆ ಬರುತ್ತದೆ, ಪ್ರೊಗೆ ಬೇರೆ ಕೊಳ್ಳಬೇಕು. ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಈ ರಿಮೋಟ್ ಬೇಕೇ ಬೇಕು. ಅದರಲ್ಲಿ 1, 2, 3, 4 ಅಂತ ಬಟನ್ ಇವೆ, ಒಂದೊಂದಕ್ಕೆ ಒಂದೊಂದು ಪ್ಲೇಲಿಸ್ಟ್ ಅಥವಾ ರೇಡಿಯೋ ಕಟ್ಟಿಡಬಹುದು. 2016ರ ಜನವರಿ 26ರಂದು ಬೆಂಗಳೂರು ಆಕಾಶವಾಣಿಯಿಂದ ಶುರುವಾದ ರಾಗಂ ಚಾನೆಲ್ ಇದೆಯಲ್ಲ, ದಿನವಿಡೀ ಶಾಸ್ತ್ರೀಯ ಸಂಗೀತ, ಅಂಥ ಸ್ಟೇಷನ್ನಿನ ಸ್ಟ್ರೀಮ್ ವಿಳಾಸವನ್ನು ಆಪ್‌ಗೆ ಒಂದು ಸಲ ಸೇರಿಸಿ ಬಟನ್ನಿಗೆ ಕೊಟ್ಟುಬಿಟ್ಟರೆ ಸಾಕು. ಆಮೇಲೆ ಅಮ್ಮ ಫೋನ್ ಮುಟ್ಟಬೇಕಾಗಿಲ್ಲ, ಒಂದನೇ ಬಟನ್ ಒತ್ತಿದರೆ ರೇಡಿಯೋ.

ಇನ್ನು ಗ್ಯಾಪ್‌ಲೆಸ್, ಅಂದರೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹೋಗುವುದು. ಸಿನಿಮಾ ಹಾಡು ಮಾತ್ರ ಕೇಳುವವರು ಇದನ್ನು ಬಿಟ್ಟು ಮುಂದೆ ಹೋಗಿ, ಶಾಸ್ತ್ರೀಯ ಕೇಳುವವರು ದಯವಿಟ್ಟು ನಿಂತು ಓದಿ. ಕಚೇರಿಯ ರೆಕಾರ್ಡಿಂಗ್‌ಗಳನ್ನು ಆಲ್ಬಂ ಮಾಡುವಾಗ ತುಂಡು ತುಂಡು ಮಾಡಿರುತ್ತಾರೆ. ರಾಗ ಒಂದು ಟ್ರ್ಯಾಕ್, ತಾನ ಇನ್ನೊಂದು, ಪಲ್ಲವಿ ಮತ್ತೊಂದು. ಹಾಡಿದವರು ಎಲ್ಲೂ ನಿಂತಿಲ್ಲ, ತಂಬೂರಿ ನಿಂತಿಲ್ಲ, ಆದರೆ ಗ್ಯಾಪ್‌ಲೆಸ್ ಇಲ್ಲದ ಪ್ಲೇಯರ್ ಪ್ರತಿ ತುಂಡಿನ ಕೊನೆಗೆ ಅರೆ ಕ್ಷಣ ಬಾಯಿ ಮುಚ್ಚುತ್ತದೆ. ಶ್ರುತಿ ಪಕ್ಕನೆ ಕತ್ತರಿಸಿಹೋಗಿ ಮತ್ತೆ ಶುರುವಾಗುತ್ತದೆ. ಮಲ್ಲಿಕಾರ್ಜುನ ಮನಸೂರರ ವಿಲಂಬಿತ ಮುಗಿದು ದ್ರುತಕ್ಕೆ ಹೊರಳುವ ಜಾಗದಲ್ಲಿ ಇಂಥ ಸೀಳು ಬಿದ್ದರೆ ಹೊಟ್ಟೆ ಉರಿಯುತ್ತದೆ. ಬೆಲೆಯನ್ನೂ ಡ್ಯಾಕನ್ನೂ ನೋಡುವ ಮುಂಚೆ ನಾನು ಯಾವ ಸ್ಟ್ರೀಮರಿನಲ್ಲೂ ಪರೀಕ್ಷೆ ಮಾಡುವುದು ಇದನ್ನೇ. ವೀಮ್‌ನಲ್ಲಿ ಸ್ಪಾಟಿಫೈ ಕನೆಕ್ಟ್‌ನಲ್ಲೂ, ಮನೆಯ ಸರ್ವರ್‌ನಲ್ಲಿರುವ ಫ್ಲ್ಯಾಕ್ (ಲಾಸ್‌ಲೆಸ್) ಫೈಲ್‌ಗಳಲ್ಲೂ ಜೋಡಣೆ ಗೊತ್ತೇ ಆಗುವುದಿಲ್ಲ. ಕಾಸ್ಟ್ ಮಾಡುವಾಗ ಮಾತ್ರ ಈ ಭರವಸೆ ಬೇಡ.

ಸರ್ವರ್ ಅಂದೆನಲ್ಲ, ಪ್ರೊಗೆ ಪೆನ್‌ಡ್ರೈವ್ ಹಾಕಲು ಜಾಗ ಇಲ್ಲ. ಸಿ.ಡಿ.ಗಳನ್ನು ರಿಪ್ ಮಾಡಿ ಫೈಲ್ ಆಗಿ ಇಟ್ಟುಕೊಂಡವರು ಹಳೇ ಲ್ಯಾಪ್‌ಟಾಪ್‌ನಲ್ಲಿ ಆ ಫೈಲ್‌ಗಳನ್ನು ಸ್ಟ್ರೀಮರಿಗೆ ಕಳಿಸುವ ಲಿರಿಯಾನ್ ಮ್ಯೂಸಿಕ್ ಸರ್ವರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಇಲ್ಲವೇ ರೂಟರಿನ ಹಿಂದೆ ಯುಎಸ್‌ಬಿ ಇದ್ದು ಮೀಡಿಯಾ ಸರ್ವರ್ ಸೌಲಭ್ಯ ಇದ್ದರೆ ಅಲ್ಲಿ ಡಿಸ್ಕ್ ಸಿಕ್ಕಿಸಬೇಕು. ಇದೆಲ್ಲ ತಲೆನೋವು ಅನ್ನಿಸಿದರೆ ಯುಎಸ್‌ಬಿ ಡ್ರೈವ್ ಹಿಡಿಯುವ ಅಲ್ಟ್ರಾ ನಿಮಗೆ ಸರಿ.

ಆಪ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನೀವು ದುಡ್ಡು ಕೊಡುತ್ತಿರುವುದು ಮುಕ್ಕಾಲು ಪಾಲು ಅದಕ್ಕೇ. ಆಂಪ್ಲಿಫೈಯರ್ ಮೂವತ್ತು ವರ್ಷ ಬಾಳುತ್ತದೆ, ಕೆಟ್ಟರೆ ಬೆಸುಗೆ ಹಾಕಿಸಬಹುದು. ಸ್ಟ್ರೀಮರ್ ಹಾಗಲ್ಲ, ಕಂಪನಿ ಕೈಬಿಟ್ಟರೆ ಡಬ್ಬಿ ಸರಿಯಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಎಷ್ಟು ಒಳ್ಳೆ ಸಾಧನ! 35 ಡಾಲರಿಗೆ 2015ರಲ್ಲಿ ಬಂತು, 2019ರ ಜನವರಿಯಲ್ಲಿ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ ಅದರ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು ಲೋಕದ ತುಂಬ ಆ ಡಬ್ಬಿಗಳು ಒಟ್ಟಿಗೆ ಕೈಕೊಟ್ಟವು. ಗೂಗಲ್ ಕೆಲವೇ ದಿನದಲ್ಲಿ ಸರಿಮಾಡಿತು ಅನ್ನುವುದು ನಿಜ, ಆದರೆ ಮನೆಯ ಸಾಮಾನಿನ ಜುಟ್ಟು ಯಾರ ಕೈಯಲ್ಲಿದೆ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು. ಇನ್ನೊಂದು ಕಡೆ ಲಾಜಿಟೆಕ್‌ನ ಹಳೇ ಸ್ಟ್ರೀಮರ್ ಸ್ಕ್ವೀಜ಼್‌ಬಾಕ್ಸ್ ನೋಡಿ. 2012ರಲ್ಲೇ ನಿಲ್ಲಿಸಿದ ಮಾಲು, ಅದರ ಸರ್ವರ್ ಸಾಫ್ಟ್‌ವೇರ್ ಎಲ್ಲರಿಗೂ ತೆರೆದದ್ದಾಗಿದ್ದರಿಂದ ಬಳಸುವವರೇ ಸೇರಿ ಅದನ್ನು ಲಿರಿಯಾನ್ ಹೆಸರಿನಲ್ಲಿ ಇವತ್ತಿಗೂ ನಡೆಸುತ್ತಿದ್ದಾರೆ. ವೀಮ್ ಪ್ರೊ ಈ ಲಿರಿಯಾನ್ ಜೊತೆಗೂ ಹೊಂದಿಕೊಳ್ಳುತ್ತದೆ. ನಾಳೆ ಕಂಪನಿ ಮುಖ ತಿರುಗಿಸಿದರೂ ಮನೆಯ ಫೈಲ್‌ಗಳನ್ನಾದರೂ ಕೇಳಬಹುದು ಅನ್ನುವ ಧೈರ್ಯ ನನಗೆ ಬಂದಿದ್ದು ಇದರಿಂದ.

ಸದ್ಯಕ್ಕಂತೂ ವೀಮ್‌ನವರು ಆಪನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಪ್ರೊ ಬಂದಾಗ ಇರದಿದ್ದ ಪ್ಯಾರಾಮೆಟ್ರಿಕ್ ಈಕ್ಯೂ (ಬೇಕಾದ ಸ್ವರಮಟ್ಟವನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯ), ರೂಮ್ ಕರೆಕ್ಷನ್ ಎಲ್ಲ ಆಮೇಲೆ ಬಿಟ್ಟಿಯಾಗಿ ಬಂದವು. ರೂಮ್ ಕರೆಕ್ಷನ್ ಅಂದರೆ ನೀವು ಕೂರುವ ಜಾಗದಲ್ಲಿ ಫೋನ್ ಹಿಡಿದರೆ ಸ್ಪೀಕರಿನಿಂದ ಕೆಳಗಿನಿಂದ ಮೇಲಕ್ಕೆ ಒಂದು ಸದ್ದು ಬಿಟ್ಟು, ಕೋಣೆ ಎಲ್ಲಿ ಗುಂಯ್‌ಗುಡುತ್ತದೆ ಅಂತ ಅಳೆದು ಅಲ್ಲಿ ತಗ್ಗಿಸುತ್ತದೆ. ನಮ್ಮ ಮನೆಗಳಲ್ಲಿ ಗ್ರಾನೈಟ್ ನೆಲ, ಬರೀ ಗೋಡೆ, ಕಾರ್ಪೆಟ್ ಇಲ್ಲ, ಮೃದಂಗದ ಎಡಗಡೆಯ ಪೆಟ್ಟು ಬಿದ್ದರೆ ಹಾಲ್ ಪೂರ್ತಿ ಮೊರೆಯುತ್ತದೆ. ಕರೆಕ್ಷನ್ ಹಾಕಿದ ಮೇಲೆ ಆ ಪೆಟ್ಟು ಪೆಟ್ಟಾಗಿಯೇ ಕೇಳಿತು, ಪಿಟೀಲು ಅದರಡಿ ಮುಳುಗುವುದು ನಿಂತಿತು. ಫೋನಿನ ಮೈಕ್ ಅಷ್ಟೇನೂ ನಂಬಿಕಸ್ಥ ಅಲ್ಲ, ಹಾಗಾಗಿ ಮೇಲಿನ ಸ್ವರಗಳನ್ನು ಮುಟ್ಟಲು ಬಿಡದೆ ಕೆಳಗಿನದಕ್ಕಷ್ಟೇ ಇದನ್ನು ಬಳಸಿ. ನನ್ನ ಮಟ್ಟಿಗೆ ಡ್ಯಾಕ್ ಚಿಪ್ ಬದಲಾವಣೆಗಿಂತ ಇದು ಹತ್ತು ಪಟ್ಟು ಮೇಲು.

ಬೇರೆ ದಾರಿಗಳೂ ಇವೆ. ಮಿನಿಯಲ್ಲಿ ಕಾಸ್ಟ್ ಇಲ್ಲ, ಈಥರ್ನೆಟ್ ಇಲ್ಲ, ಆದರೆ ಸ್ಪಾಟಿಫೈ ಮತ್ತು ಏರ್‌ಪ್ಲೇ ಸಾಕು ಅನ್ನುವವರಿಗೆ ಅದರಷ್ಟು ಒಳ್ಳೆ ವ್ಯಾಪಾರ ಇನ್ನೊಂದಿಲ್ಲ. ಬ್ಲೂಸೌಂಡ್ ನೋಡ್, ಕೇಂಬ್ರಿಡ್ಜ್ ಆಡಿಯೋದ ಎಂಎಕ್ಸ್‌ಎನ್10 ಒಳ್ಳೆ ಮಾಲು, ಕಟ್ಟಿರುವ ರೀತಿಯೂ ಗಟ್ಟಿ, ಆದರೆ ಮೊದಲ ಸ್ಟ್ರೀಮರಿಗೆ ಅಷ್ಟು ದುಡ್ಡು ಬೇಕಿಲ್ಲ. ಕೈಯಿಂದ ಮಾಡುವ ಆಸೆ ಇದ್ದವರಿಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇದೆ. ಒಂದು ಪೈ, ಅದರ ತಲೆ ಮೇಲೆ ಕೂರುವ ಡ್ಯಾಕ್ ಬೋರ್ಡ್, ಮೂಡ್ ಅಥವಾ ವಾಲ್ಯುಮಿಯೋ ಸಾಫ್ಟ್‌ವೇರ್. ಕಲಿಯುವ ಖುಷಿ ಬೇರೆಯೇ. ಆದರೆ ರಾತ್ರಿ ಅದು ಹಾಡದಿದ್ದರೆ ಸರಿಮಾಡಬೇಕಾದವರು ನೀವೇ, ಮನೆಯವರಲ್ಲ, ಅದನ್ನು ಯೋಚಿಸಿ.

ಕೇಬಲ್‌ಗೆ ದುಡ್ಡು ಸುರಿಯಬೇಡಿ. ಒಂದು ಅಂಗಡಿಯಲ್ಲಿ ಆಪ್ಟಿಕಲ್ ಕೇಬಲ್ಲಿಗೇ ಸ್ಟ್ರೀಮರಿನ ಅರ್ಧ ಬೆಲೆ ಹೇಳಿದರು, ಬೇಡ ಅಂದೆ. ಡಬ್ಬಿಯೊಳಗೆ ಬರುವ ಕೇಬಲ್ಲೇ ಸಾಕು, ಉದ್ದ ಸಾಲದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಾಮೂಲಿಯದು ತಗೊಳ್ಳಿ. ಹೊರಗಿನ ಡ್ಯಾಕ್ ಇಲ್ಲದಿದ್ದರೆ ಆಪ್ಟಿಕಲ್ ಬೇಕೂ ಇಲ್ಲ. ಅದರ ಬದಲು ರೂಟರ್ ಇರುವ ಜಾಗದಿಂದ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ, ಎರಡು ಗೋಡೆ ದಾಟಿ ಬರುವ ವೈಫೈ ಸಂಜೆ ಹೊತ್ತು ಎಲ್ಲರೂ ಟಿ.ವಿ., ಫೋನ್ ಹಿಡಿದಾಗ ತಡವರಿಸುತ್ತದೆ. ರೂಟರಿಗೆ ಸಿಗುವ ಸಣ್ಣ ಯುಪಿಎಸ್ ಕೂಡ ಹಾಕಿಸಿ. ಕರೆಂಟ್ ಹೋಗಿ ಬಂದಾಗ ರೂಟರ್ ಏಳುವಷ್ಟರಲ್ಲಿ ಸ್ಟ್ರೀಮರ್ ಎದ್ದು ನೆಟ್‌ವರ್ಕ್ ಹುಡುಕುತ್ತಾ ಕೂರುವುದು ತಪ್ಪುತ್ತದೆ. ಆಮೇಲೆ ಆಪ್‌ನಲ್ಲಿ ವಾಲ್ಯೂಮ್ ಫಿಕ್ಸೆಡ್ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡುವ ಮುಂಚೆ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಕೆಳಗೆ ತಿರುಗಿಸಿ, ಯಾಕೆಂದರೆ ಆ ಕ್ಷಣದಿಂದ ಸ್ಟ್ರೀಮರ್ ಪೂರ್ತಿ ಜೋರಿನಲ್ಲೇ ಕಳಿಸುತ್ತದೆ, ಎದುರು ನಿಲ್ಲುವುದು ನಿಮ್ಮ ಸ್ಪೀಕರ್.