ಮ್ಯೂ ಸೊನ್ನೆ ದಾಟಿದ ಮೇಲೆ: ಮೂರು ದಾರಿ, ಒಂದು ಡೆಸ್ಕ್‌ಟಾಪ್

ಮಾನಸಗಂಗೋತ್ರಿಯಲ್ಲಿ ಪ್ರಾಜೆಕ್ಟ್‌ಗೆಂದು ಲ್ಯಾಟಿಸ್ ಕ್ಯೂಸಿಡಿ (ಪ್ರೋಟಾನಿನೊಳಗಿನ ಕ್ವಾರ್ಕ್ ಕಣಗಳ ಬಲವನ್ನು ಬಿಂದುಗಳ ಜಾಲದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ) ಹಿಡಿಯುವ ಹುಡುಗರು ಕೇಳುವುದು ಒಂದೇ ಮಾತು: ದೊಡ್ಡ ಕಂಪ್ಯೂಟರ್ ಇಲ್ಲದೆ ಹೆಚ್ಚು ಕ್ವಾರ್ಕ್ ಸಾಂದ್ರತೆಯ ಕಡೆಗೆ ಎಷ್ಟು ದೂರ ಹೋಗಬಹುದು? ಪುಟ್ಟ ಜಾಲ, ನಿಜಕ್ಕಿಂತ ಭಾರದ ಸ್ಟ್ಯಾಗರ್ಡ್ (ಜಾಲದ ಮೇಲೆ ಅಗ್ಗವಾಗಿ ಲೆಕ್ಕಕ್ಕೆ ಸಿಗುವ ಬಗೆಯ) ಕ್ವಾರ್ಕ್ ಇಟ್ಟುಕೊಂಡು ಮೂರು ದಾರಿಯನ್ನೂ ಮೈಸೂರಿನ ನಮ್ಮ ಮನೆಯಲ್ಲೇ ಓಡಿಸಿ ನೋಡಿದ್ದೇನೆ.

ಸಾಂದ್ರತೆ ಸೊನ್ನೆಯಿದ್ದಾಗ, ಅಂದರೆ ಕ್ವಾರ್ಕ್, ಪ್ರತಿಕ್ವಾರ್ಕ್ ಸಮವಿದ್ದಾಗ, ತೊಂದರೆಯಿಲ್ಲ. ಸುಮಾರು 156 ಎಂಇವಿ, ಅಂದರೆ 1.8 ಲಕ್ಷ ಕೋಟಿ ಕೆಲ್ವಿನ್ ಹತ್ತಿರ ಪ್ರೋಟಾನು, ನ್ಯೂಟ್ರಾನುಗಳು ಕರಗಿ ಕ್ವಾರ್ಕ್-ಗ್ಲೂಆನ್ ದ್ರವ್ಯವಾಗುತ್ತದೆ. ಮಂಡ್ಯದ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕವಾಗುವ ಹಾಗೆ, ಇದೇ ಆ ಗಳಿಗೆ ಎಂದು ಬೆರಳಿಡಲಾಗದ ಬದಲಾವಣೆ ಅದು. ಕ್ವಾರ್ಕ್‌ಗಳು ಪ್ರತಿಕ್ವಾರ್ಕ್‌ಗಳಿಗಿಂತ ಹೆಚ್ಚಾದರೆ, ಅಂದರೆ ರಾಸಾಯನಿಕ ವಿಭವ ಮ್ಯೂ ಸೊನ್ನೆ ದಾಟಿದರೆ, ಪ್ರತಿ ಮಾದರಿಗೆ ತೂಕ ಕೊಡುವ ಕ್ವಾರ್ಕ್ ಮ್ಯಾಟ್ರಿಕ್ಸಿನ ನಿರ್ಧಾರಕ (ಡಿಟರ್ಮಿನೆಂಟ್) ಸಂಕೀರ್ಣ ಸಂಖ್ಯೆಯಾಗುತ್ತದೆ. ಅದನ್ನು ಸಂಭವನೀಯತೆ ಎಂದು ಬಳಸಲಾಗದು. ಸಂಭವನೀಯತೆ ನೋಡಿ ಮಾದರಿ ಆರಿಸುವ ಮಾಂಟೆ ಕಾರ್ಲೊ ವಿಧಾನ ಅಲ್ಲಿಗೇ ನಿಲ್ಲುತ್ತದೆ. ಇದೇ ಸೈನ್ ಪ್ರಾಬ್ಲಮ್. ನಾನು ಓಡಿಸಿದ್ದು ಇದನ್ನು ಸುತ್ತಿ ಹೋಗುವ ಮೂರು ದಾರಿ.

ರೀವೆಯ್ಟಿಂಗ್ ಮೊದಲ ನೋಟಕ್ಕೇ ಮನಸೆಳೆಯುತ್ತದೆ. ಮ್ಯೂ ಸೊನ್ನೆಯಲ್ಲಿ ಮಾಡಿಟ್ಟ ಮಾದರಿಗಳಿಗೆ ನಿರ್ಧಾರಕಗಳ ಅನುಪಾತವನ್ನು ತೂಕವಾಗಿ ಕೊಟ್ಟರಾಯಿತು. ಒಂದು ಬದಿಗೆ 4 ಬಿಂದುಗಳ ಜಾಲದಲ್ಲಿ 384 ಸಾಲಿನ ಮ್ಯಾಟ್ರಿಕ್ಸ್ ಬಿಡಿಸಿದರೆ ಎಲ್ಲ ಮ್ಯೂಗಳ ಉತ್ತರವೂ ಒಟ್ಟಿಗೇ ಸಿಗುತ್ತದೆ. ಬದಿಗೆ 8 ಬಿಂದು ಮಾಡಿದರೆ 3072 ಸಾಲು. ಲೆಕ್ಕದ ಕೆಲಸ 512 ಪಟ್ಟು. ಕಾದು ಕೂತರೂ ಪ್ರಯೋಜನವಿಲ್ಲ, ಗಾತ್ರ ಹೆಚ್ಚಿದಂತೆ ಆ ಸಂಕೀರ್ಣ ತೂಕದ ಕೋನ, ಅಂದರೆ ಫೇಸ್‌ನ ಸರಾಸರಿ ಘಾತೀಯವಾಗಿ ಕುಗ್ಗಿ ಗದ್ದಲದಲ್ಲಿ ಮುಳುಗುತ್ತದೆ. ನಾನು ಕೈಬಿಟ್ಟೆ.

ಟೇಲರ್ ವಿಸ್ತರಣೆ, ಅಂದರೆ ಮ್ಯೂ ಸೊನ್ನೆಯಲ್ಲೇ ಅವಕಲನಗಳನ್ನು ಅಳೆದು ಮುಂದಿನದನ್ನು ಸರಣಿಯಾಗಿ ಕೂಡಿಸುವುದು, ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ರಾಜೀವ್ ಗವಾಯಿ, ಸೌರೇಂದು ಗುಪ್ತಾ ಬೆಳೆಸಿದ ದಾರಿಗಳಲ್ಲೊಂದು. ಎರಡನೇ ಅವಕಲನ ಚೆನ್ನಾಗಿಯೇ ಬಂತು. ನಾಲ್ಕನೆಯದರಲ್ಲಿ ದೊಡ್ಡ ದೊಡ್ಡ ಪದಗಳು ಒಂದನ್ನೊಂದು ಕಳೆದುಕೊಂಡು, ಉಳಿಯುವ ಚೂರಿಗಿಂತ ದೋಷವೇ ದೊಡ್ಡದಾಯಿತು.

ನನ್ನ ಮತ ಇಮ್ಯಾಜಿನರಿ ಮ್ಯೂಗೆ, ಅಂದರೆ ಮ್ಯೂವನ್ನು ಕಾಲ್ಪನಿಕ ಸಂಖ್ಯೆಯಾಗಿಸಿ ಲೆಕ್ಕ ಹಾಕುವುದಕ್ಕೆ. ಕಾಲದ ದಿಕ್ಕಿನಲ್ಲಿ ಬಿಂದುಗಳನ್ನು ಜೋಡಿಸುವ ಲಿಂಕುಗಳಿಗೆ ಒಂದು ಫೇಸ್ ಗುಣಿಸಿದರೆ ಸಾಕು, ಹಳೆಯ ಪ್ರೋಗ್ರಾಂ ಹಾಗೇ ಓಡುತ್ತದೆ. ನಿರ್ಧಾರಕ ಮತ್ತೆ ಧನಾತ್ಮಕ. ಈ ಇಮ್ಯಾಜಿನರಿ ಕಡೆ ಪರಿವರ್ತನೆಯ ಉಷ್ಣತೆ ಮೇಲೇರುತ್ತದೆ. ಅದನ್ನು ಮ್ಯೂ ವರ್ಗದ ಗೆರೆಯಾಗಿ ಎಳೆದು ಆ ಕಡೆಗೆ, ಅಂದರೆ ನಿಜ ಮ್ಯೂ ಕಡೆಗೆ, ಮುಂದುವರಿಸಿದರೆ ನಿಜವಾದ ಸಾಂದ್ರತೆಯಲ್ಲಿ ಇಳಿಯುವುದು ಕಾಣುತ್ತದೆ. ಮಿತಿಯೂ ಇದೆ: ಕ್ವಾರ್ಕ್ ಮ್ಯೂವನ್ನು ಉಷ್ಣತೆಯಿಂದ ಭಾಗಿಸಿದಾಗ ಪೈ ಬೈ 3 ಬಂದಲ್ಲಿ, 1986ರಲ್ಲಿ ರಾಬರ್ಜ್ ಮತ್ತು ವೈಸ್ ತೋರಿಸಿದ ಗಡಿ. ಅದರಾಚೆ ಹೊಸ ಮಾಹಿತಿಯಿಲ್ಲ.

ಟೇಲರನ್ನು ಪೂರ್ತಿ ಬಿಡಬೇಡಿ. ಇಮ್ಯಾಜಿನರಿ ಕಡೆ ಅಳೆದ ಸಾಂದ್ರತೆಯ ಗೆರೆ ಸೊನ್ನೆಯ ಬಳಿ ಎಷ್ಟು ವಾಲಿದೆಯೋ, ಟೇಲರ್‌ನ ಎರಡನೇ ಅವಕಲನವೂ ಅಷ್ಟೇ ಇರಬೇಕು. ಎರಡೂ ತಾಳೆಯಾದ ದಿನ ನನಗಾದ ಸಂತೋಷ ಹೇಳತೀರದು. ತಾಳೆಯಾಗದಿದ್ದರೆ ಗೆರೆಯನ್ನು ಆ ಕಡೆಗೆ ಎಳೆಯುವ ಮೊದಲು ಫೇಸ್‌ನ ಚಿಹ್ನೆ ನೋಡಿ, ಆಮೇಲೆ ಅವಕಲನ ಅಂದಾಜಿಸಲು ಬಳಸುವ ರ್‍ಯಾಂಡಮ್ ವೆಕ್ಟರುಗಳನ್ನು ಹೆಚ್ಚಿಸಿ.