ದುಡ್ಡು ಕೊಟ್ಟು ಬಾಟ್‌ಗಳ ಜೊತೆ ಆಡಿ ಬಂದೆ, ನೀವು ಬೀಳ್ಬೇಡಿ

ಮೊದಲೇ ಹೇಳ್ತೀನಿ, ಆಟದ ಹೆಸರು ಹಾಕಲ್ಲ. ಹೆಸರು ನೋಡಿ ಇನ್ನೂ ನಾಲ್ಕು ಜನ "ಏನದು ನೋಡೋಣ" ಅಂತ ಹುಡುಕ್ಕೊಂಡು ಹೋಗೋದು ನನಗೆ ಬೇಡ. ಆರು ಜನರ ತಂಡ, ಒಬ್ಬೊಬ್ಬರಿಗೆ ಒಂದೊಂದು ಕ್ಲಾಸು (ಅಂದ್ರೆ ಡಾಕ್ಟರ್, ಮೆಕ್ಯಾನಿಕ್ ಥರ ಬೇರೆ ಬೇರೆ ಕೆಲಸದ ಪಾತ್ರ), ಗುಂಡು ಹಾರಿಸೋ ಆಟ, ಈ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಬಂದಿದ್ದು. ಆಡೋರಿಗೆ ಇಷ್ಟು ಸಾಕು. ಆಡದೋರಿಗೆ: ಬಾಟ್ ಅಂದ್ರೆ ಮನುಷ್ಯರ ಬದಲು ಕಂಪ್ಯೂಟರೇ ಆಡಿಸೋ ಪಾತ್ರ.

ನಾನು ಗೋಣಿಕೊಪ್ಪದಲ್ಲಿ ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ತುಂಬಿಕೊಡೋ ಅಂಗಡಿ ಇಟ್ಕೊಂಡಿದ್ದೀನಿ. ದಿನಕ್ಕೆ ಹತ್ತು ಜನಕ್ಕೆ "ಒಟಿಪಿ ಹೇಳ್ಬೇಡಿ, ಸಿಕ್ಕ ಲಿಂಕ್ ಒತ್ಬೇಡಿ" ಅಂತ ಬುದ್ಧಿ ಹೇಳೋನು. ಅಂಥವನು ಆಟ ಬಿಡುಗಡೆ ಆಗೋಕೆ ಮೂರು ವಾರ ಮೊದಲೇ 3,999 ರೂಪಾಯಿ ಕೊಟ್ಟು ಅದೇನೋ 'ಸ್ಥಾಪಕರ ಆವೃತ್ತಿ' ತಗೊಂಡೆ. ಯಾವುದರ ಸ್ಥಾಪಕ ನಾನು, ದೇವರೇ ಬಲ್ಲ. ನಾನೊಬ್ಬ ಹಾಳಾಗಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ದೆ. ಐದು ಜನರನ್ನ ಎಳ್ಕೊಂಡು ಬಿದ್ದೆ. ಅವರದ್ದು ತಲಾ 2,499. ಎಲ್ಲ ಸೇರಿ 16,494 ರೂಪಾಯಿ. ಈ ಲೆಕ್ಕ ರಾತ್ರಿ ಎದ್ದಾಗಲೂ ನೆನಪಿಗೆ ಬರುತ್ತೆ.

ಯಾಕೆ ಎಳೆದೆ ಅಂದ್ರೆ, ಕ್ಲಾಸ್ ಇರೋ ಆಟ ಒಬ್ಬನೇ ಆಡೋಕೆ ಆಗಲ್ಲ. ನಾನು ಮೈಸೂರಲ್ಲಿ ಓದ್ತಿದ್ದಾಗ ಹಾಸ್ಟೆಲ್‌ನಲ್ಲಿ ಟೀಮ್ ಫೋರ್ಟ್ರೆಸ್ 2 ಆಡಿ ಬೆಳೆದವನು. 2007ರ ಆಟ, 2011ರಲ್ಲಿ ಫ್ರೀ ಮಾಡಿದ್ರು, ಒಂಬತ್ತು ಕ್ಲಾಸು. ಅದರಲ್ಲಿ ಡಾಕ್ಟರ್ ಆದವನು ಬೇರೆಯವರಿಗೆ ಮದ್ದು ಹಾಕ್ತಾ ಹೋದ ಹಾಗೆ ಅವನ ಕೈಲಿ ಒಂದು ಚಾರ್ಜ್ ತುಂಬುತ್ತೆ. ಅದು ತುಂಬಿದಾಗ ಅವನಿಗೂ ಅವನ ಜೊತೆಗಾರನಿಗೂ ಕೆಲವು ಸೆಕೆಂಡು ಏನೂ ತಾಗಲ್ಲ. ಅಂದ್ರೆ ಸೇವೆ ಮಾಡಿದವನಿಗೇ ಕೊನೆಗೆ ಬಲ. ಎಂಜಿನಿಯರ್ ಕಟ್ಟೋ ಟೆಲಿಪೋರ್ಟರ್ (ಒಂದು ಕಡೆ ಹತ್ತಿದ್ರೆ ಇನ್ನೊಂದು ಕಡೆ ಇಳಿಸೋ ಯಂತ್ರ) ಇಲ್ಲದಿದ್ರೆ ಅರ್ಧ ಹೊತ್ತು ಓಡೋದ್ರಲ್ಲೇ ಕಳೆಯುತ್ತೆ. ಒಬ್ಬರಿಗೊಬ್ಬರು ಬೇಕೇ ಬೇಕು. ನಮ್ಮೂರಲ್ಲಿ ಇದನ್ನ ವಿವರಿಸೋದು ಕಷ್ಟ ಅಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬ ಹಾಕಿ ನೋಡಿಕೊಂಡು ಬೆಳೆದೋರು ನಾವು, ಹನ್ನೊಂದು ಜನಾನೂ ಸೆಂಟರ್ ಫಾರ್ವರ್ಡ್ ಆದ್ರೆ ಏನಾಗುತ್ತೆ ಅಂತ ಗೊತ್ತು. ಆ ಐವರಲ್ಲಿ ಒಬ್ಬನಾದ ಪೊನ್ನಂಪೇಟೆ ಹುಡುಗನಿಗೆ ಹೀಗೇ ಹೇಳಿ ಒಪ್ಪಿಸಿದೆ. ಹೊಸ ಹಾಕಿ ಸ್ಟಿಕ್‌ಗೆ ಅಂತ ಇಟ್ಟಿದ್ದ ದುಡ್ಡು ಮಾರಾಯ್ರೆ ಅದು. ನಾನೇ ಒಪ್ಪಿಸಿದ್ದು.

ಜಾಹೀರಾತಿನಲ್ಲಿ ಒಂದೇ ಮಾತು: ನಿಜವಾದ ಆಟಗಾರರು, ನಿಜವಾದ ತಂಡ. ಈ ಸಾಲು ನೆನಪಿಟ್ಕೊಳ್ಳಿ.

ಬಿಡುಗಡೆ ದಿನ ರಾತ್ರಿ. ಹೊರಗೆ ಮಳೆ ಅಂದ್ರೆ ಮಳೆ, ಸಿಲ್ವರ್ ಓಕ್ ಕೊಂಬೆ ಯಾವಾಗ ತಂತಿ ಮೇಲೆ ಬೀಳುತ್ತೋ ಅಂತ ಕಾಯ್ಕೊಂಡು, ಯುಪಿಎಸ್ ಫುಲ್ ಚಾರ್ಜ್ ಮಾಡಿಟ್ಟು ಕೂತೆ. ಭಾಗಮಂಡಲ ಕಡೆಯವನಿಗೆ ಡೌನ್‌ಲೋಡೇ ಮುಗಿಯಲಿಲ್ಲ, ನೆಟ್ ಬರ್ತಿತ್ತು ಹೋಗ್ತಿತ್ತು, ಅವನು ಬೈದು ಮಲಗಿದ. ಉಳಿದ ಐದು ಜನ, ನಾನು, ಸೋಮವಾರಪೇಟೆಯವನು, ಪೊನ್ನಂಪೇಟೆ ಹುಡುಗ, ಕುಶಾಲನಗರದ ಇಬ್ಬರು, ಫೋನಲ್ಲಿ ಗ್ರೂಪ್ ಕಾಲ್ ಹಾಕ್ಕೊಂಡು ಶುರು ಮಾಡಿದ್ವಿ.

ಆಟ ತೆರೆದ ತಕ್ಷಣ 'ಶೇಡರ್ ಸಿದ್ಧಪಡಿಸಲಾಗುತ್ತಿದೆ', ಅಂದ್ರೆ ಆಟದ ಚಿತ್ರ ಮೂಡಿಸೋಕೆ ಕಂಪ್ಯೂಟರ್ ಮಾಡ್ಕೊಳ್ಳೋ ತಯಾರಿ. ನನ್ನದು ಹಳೇ ಗ್ರಾಫಿಕ್ಸ್ ಕಾರ್ಡು, 38 ನಿಮಿಷ ತಗೊಂಡ್ತು. ಆಮೇಲೆ ಬಿಟ್ಟು ಮುಂದೆ ಹೋಗೋಕಾಗದ ತರಬೇತಿ, 25 ನಿಮಿಷ. ಆಮೇಲೆ 'ಎದುರಾಳಿಗಳನ್ನು ಹುಡುಕಲಾಗುತ್ತಿದೆ' ಅಂತ ಒಂದು ಚಕ್ರ ತಿರುಗ್ತಾ ಕೂತಿತ್ತು, 49 ನಿಮಿಷ. ಒಂದೇ ಸಲ ಅಲ್ಲ, ಸಿಕ್ಕಿದ ಹಾಗೆ ಮಾಡೋದು, ಬಿಡೋದು, ಮತ್ತೆ ಹುಡುಕೋದು. ಈ ನಿಮಿಷಗಳನ್ನ ಯಾಕೆ ಬರೀತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ಅಂತೂ ಮೊದಲ ಮ್ಯಾಚ್ ಸಿಕ್ತು. ನಾವು ಐದು ಜನ, ಆರನೆಯವನಾಗಿ ಯಾರೋ ಅಪರಿಚಿತ ಡಾಕ್ಟರ್ ಬಂದ. ಗೆದ್ವಿ. ಎರಡನೆಯದೂ ಗೆದ್ವಿ. ಹಂಗೆ ಹಿಂಗಲ್ಲ, ಚಿಂದಿ ಮಾಡಿ ಗೆದ್ವಿ. ನಾನು ಒಬ್ಬನೇ 31 ಜನರನ್ನ ಹೊಡೆದೆ. ಆ ಡಾಕ್ಟರಂತೂ ನನ್ನ ಬೆನ್ನು ಬಿಡ್ಲೇ ಇಲ್ಲ, ಎಲ್ಲಿ ಹೋದ್ರೂ ಹಿಂದೆ ಬಂದು ಮದ್ದು ಹಾಕ್ತಿದ್ದ. "ಎಂಥ ಆಟಗಾರ ಮಾರಾಯ, ಇಂಥವನು ಸಿಗೋದು ಅಪರೂಪ" ಅಂತ ಕಾಲ್‌ನಲ್ಲಿ ಹೊಗಳಿದೆ. ಅವನಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದೆ. ಸೋತ ತಂಡಕ್ಕೆ "ಚೆನ್ನಾಗಿ ಆಡಿದ್ರಿ, ಬೇಜಾರಾಗ್ಬೇಡಿ" ಅಂತ ಟೈಪ್ ಮಾಡಿದೆ. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದೆ. ಅಂಗಡಿಗೆ ಬರೋ ಮಕ್ಕಳೆಲ್ಲ ನೋಡಿದ್ದಾರೆ ಅದನ್ನ.

ಮೂರನೇ ಮ್ಯಾಚ್ ಅರ್ಧದಲ್ಲಿ ಸೋಮವಾರಪೇಟೆಯಲ್ಲಿ ಕರೆಂಟ್ ಹೋಯ್ತು.

ಅವನು ಫೋನಲ್ಲಿ "ಹೋಯ್ತು ಕಣೋ, ಇನ್ನು ಬೆಳಿಗ್ಗೆನೇ, ಇನ್ವರ್ಟರೂ ಇಲ್ಲ" ಅಂತಿದ್ದಾನೆ. ನಾನು "ಸುಮ್ನೆ ಇರೋ, ನನ್ನ ಎದುರಿಗೇ ಓಡ್ತಿದ್ದೀಯಲ್ಲ" ಅಂದೆ. ಯಾಕಂದ್ರೆ ಅವನ ಪಾತ್ರ, ಅವನ ಹೆಸರು ತಲೆ ಮೇಲೆ ಹೊತ್ಕೊಂಡು, ನನ್ನ ಪಕ್ಕದಲ್ಲೇ ಓಡ್ತಾ ಇತ್ತು. ಗುಂಡು ಹೊಡೀತಿತ್ತು. ಒಬ್ಬನನ್ನ ಬೀಳಿಸ್ತು. "ನಾನು ಕತ್ತಲಲ್ಲಿ ಮೇಣದಬತ್ತಿ ಹುಡುಕ್ತಿದ್ದೀನಿ ಕಣೋ" ಅಂದ ಅವನು. ಇನ್ನೊಬ್ಬನನ್ನ ಬೀಳಿಸ್ತು. ನಿಜ ಹೇಳ್ಬೇಕು ಅಂದ್ರೆ ಅವನಿಗಿಂತ ಚೆನ್ನಾಗೇ ಆಡ್ತಿತ್ತು.

ಐದು ಸೆಕೆಂಡು ಯಾರೂ ಮಾತಾಡಲಿಲ್ಲ. ಆಮೇಲೆ ಪೊನ್ನಂಪೇಟೆ ಹುಡುಗ ಮೆಲ್ಲಗೆ ಕೇಳಿದ, "ಅಣ್ಣ, ಹಾಗಾದ್ರೆ ಬೇರೆಯವರೆಲ್ಲ ಯಾರು?"

ನನ್ನ ಬೆರಳು ಕೀಬೋರ್ಡ್ ಮೇಲೇ ನಿಂತುಹೋಯ್ತು. ಸ್ಕೋರ್ ಪಟ್ಟಿ ತೆರೆದು ನೋಡಿದೆ. ಆ ಮಳೆಯಲ್ಲಿ ನಮ್ಮ ಪಿಂಗ್ (ನೆಟ್‌ನಲ್ಲಿ ಸರ್ವರ್‌ಗೆ ಹೋಗಿ ಬರೋಕೆ ಹಿಡಿಯೋ ಹೊತ್ತು) 60ರಿಂದ 300ಕ್ಕೆ ಜಿಗೀತಿತ್ತು, ಇಳೀತಿತ್ತು. ಎದುರಿನ ಆರೂ ಜನರದ್ದು 32. ಆರಕ್ಕೆ ಆರೂ 32. ಕದಲೋದೇ ಇಲ್ಲ. ಡಾಕ್ಟರ್‌ದೂ 32. ನಾನು ಒಂದು ಗೋಡೆ ಮೂಲೆಗೆ ಹೋಗಿ ಸುಮ್ನೆ ನಿಂತೆ, ಡಾಕ್ಟರ್ ಬಂದು ಹಿಂದೆ ನಿಂತ. ಚಾಟ್‌ನಲ್ಲಿ "ಯಾರು ನೀನು" ಅಂತ ಹಾಕಿದೆ. ಇಂಗ್ಲಿಷಲ್ಲೂ ಹಾಕಿದೆ. ನನಗೆ ಗಾಯವೇ ಆಗಿರಲಿಲ್ಲ, ಆದ್ರೂ ಮದ್ದು ಹಾಕ್ತಾನೇ ಇದ್ದ. ಅವನಿಗೆ ನಾನು ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದೆ! ಸೋತ ಬಾಟ್‌ಗಳಿಗೆ ಸಮಾಧಾನ ಹೇಳಿದ್ದೆ! ಇದನ್ನ ಬರೆಯೋವಾಗ್ಲೂ ಕಿವಿ ಬಿಸಿ ಆಗ್ತಿದೆ.

ಬಾಟ್ ಇರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಟೀಮ್ ಫೋರ್ಟ್ರೆಸ್‌ಗೂ ವರ್ಷಗಟ್ಟಲೆ ಬಾಟ್ ಕಾಟ ಇತ್ತು, 2022ರಲ್ಲಿ ಆಡೋರೆಲ್ಲ ಸೇರಿ ಗಲಾಟೆ ಎಬ್ಬಿಸಿದ್ರು. ಆದ್ರೆ ಅವು ಹೊರಗಿನಿಂದ ನುಗ್ಗಿದ ಕಳ್ಳ ಬಾಟ್‌ಗಳು. ಇಲ್ಲಿ ಮನೆ ಯಜಮಾನನೇ ಗೊಂಬೆಗೆ ಪಂಚೆ ಉಡಿಸಿ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಬಾಟ್ ಅಂತ ಹೆಸರಿನ ಪಕ್ಕ ಒಂದು ಚುಕ್ಕೆ ಹಾಕಿದ್ರೂ ನಾನು ಇಷ್ಟು ಕುಣೀತಿರಲಿಲ್ಲ.

ಆಟವಾದ್ರೂ ಚೆನ್ನಾಗಿದ್ಯಾ? ಅದೂ ಇಲ್ಲ. ಆರು ಕ್ಲಾಸ್ ಅಂತಾರೆ, ಆರಕ್ಕೂ ತನ್ನ ಗಾಯ ತಾನೇ ವಾಸಿ ಮಾಡ್ಕೊಳ್ಳೋ ಬಟನ್ ಇದೆ. ಆರೂ ಒಂದೇ ಥರ ಮುಂದಕ್ಕೆ ಜಿಗೀತವೆ. ಹಾಗಿದ್ಮೇಲೆ ಡಾಕ್ಟರ್ ಯಾಕೆ ಬೇಕು? ಪಾಯಿಂಟ್ ಸಿಗೋದು ಹೊಡೆದವನಿಗೆ ಮಾತ್ರ, ಮದ್ದು ಹಾಕಿದವನಿಗೆ ಸೊನ್ನೆ. ಮೆಕ್ಯಾನಿಕ್ ಕಟ್ಟೋ ತಡೆಗೋಡೆಯನ್ನ ಯಾರು ಬೇಕಾದ್ರೂ ಹಾರಿ ದಾಟಬಹುದು. ಒಬ್ಬನೇ ಮನುಷ್ಯ ಆರು ಬಣ್ಣದ ಅಂಗಿ ಹಾಕ್ಕೊಂಡ ಹಾಗಿದೆ. ನನಗೊಂದು ಅನುಮಾನ: ಜನ ಬರಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಬಾಟ್‌ಗಳು ಒಂದಕ್ಕೊಂದು ಸಹಾಯ ಕೇಳೋಕಾಗಲ್ಲ ಅಂತ ಕ್ಲಾಸ್‌ಗಳನ್ನೇ ಸಪ್ಪೆ ಮಾಡಿದ್ರು. ಸಾಬೀತು ಮಾಡೋಕಾಗಲ್ಲ, ಆದ್ರೆ ಆಡಿ ನೋಡಿದವನಿಗೆ ಬೇರೇನೂ ಅನ್ಸಲ್ಲ.

ಸರಿ, ದುಡ್ಡು ವಾಪಸ್ ಕೇಳೋಣ ಅಂತ ಹೋದೆ. ಆಟ ಮಾರಿದ ಆನ್‌ಲೈನ್ ಅಂಗಡಿಯ ನಿಯಮ ನಿಮಗೆಲ್ಲ ಗೊತ್ತೇ ಇದೆ, 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ವಾಪಸ್. ನಾನು ಆಡಿದ್ದು ಮೂರು ಮ್ಯಾಚು, ಒಟ್ಟು 27 ನಿಮಿಷ. ಆರಾಮಾಗಿ ಅರ್ಜಿ ಹಾಕಿದೆ. ಉತ್ತರ ಬಂತು: "ನಿಮ್ಮ ಆಟದ ಅವಧಿ 2 ಗಂಟೆ 19 ನಿಮಿಷ. ನಿಮ್ಮ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಿಲ್ಲ."

ಈಗ ಕೂಡಿಸಿ ನೋಡಿ. 38, 25, 49, 27. ಸರಿಯಾಗಿ 139 ನಿಮಿಷ. ಚಕ್ರ ತಿರುಗೋದನ್ನ ನೋಡ್ತಾ ಕೂತಿದ್ದೂ 'ಆಟ'ವೇ! ಅಕ್ಕಿ ತೂಗೋವಾಗ ಕಾಯೋರು ನಿಂತ ಹೊತ್ತಿಗೂ ಕಾಸು ಕೇಳಿದ ಹಾಗೆ.

ಆಟ ಮಾಡಿದವರಿಗೇ ಬರೆದೆ. ಮೊದಲ ಉತ್ತರ: "ನಿಮ್ಮ ಉತ್ಸಾಹಕ್ಕೆ ಧನ್ಯವಾದ! ನಿಮ್ಮ ಪ್ರದೇಶದಲ್ಲಿ ಆಟಗಾರರು ಕಡಿಮೆ ಇರಬಹುದು, ದಟ್ಟಣೆಯ ಸಮಯದಲ್ಲಿ ಪ್ರಯತ್ನಿಸಿ." ನಾನು ಬರೆದದ್ದು ಬಾಟ್ ಬಗ್ಗೆ. ಮತ್ತೆ ಬರೆದೆ, ಕರೆಂಟ್ ಹೋದ ಗೆಳೆಯನ ಕಥೆಯನ್ನ ವಿವರವಾಗಿ. ಎರಡನೇ ಉತ್ತರ: "ಸಂಪರ್ಕ ಕಡಿದ ಆಟಗಾರರ ಅನುಭವಕ್ಕೆ ಧಕ್ಕೆ ಬಾರದಂತೆ ಈ ಸೌಲಭ್ಯ ಒದಗಿಸಲಾಗಿದೆ." ಸೌಲಭ್ಯ ಅಂತೆ! ಕತ್ತಲಲ್ಲಿ ಕೂತವನ ಅನುಭವಕ್ಕೆ ಏನು ಸೌಲಭ್ಯ? ಮೂರನೇ ಸಲ ಒಂದೇ ಸಾಲು ಕೇಳಿದೆ: ನನ್ನ ಮೂರು ಮ್ಯಾಚ್‌ಗಳಲ್ಲಿ ನಮ್ಮ ಐದು ಜನರನ್ನ ಬಿಟ್ಟು ಎಷ್ಟು ಜನ ಮನುಷ್ಯರಿದ್ರು? ಸಂಖ್ಯೆ ಹೇಳಿ ಸಾಕು. ಉತ್ತರ: "ನಿಮ್ಮ ಉತ್ಸಾಹಕ್ಕೆ ಧನ್ಯವಾದ!" ಅದೇ ಮೊದಲನೇ ಉತ್ತರ, ಅಕ್ಷರ ಅಕ್ಷರ ಅದೇ. ಇಲ್ಲೂ ಬಾಟೇ ಕೂತಿದೆ ಅಂತ ಆಗ ಹೊಳೀತು.

ಅವತ್ತು ಕಕ್ಕಡ ಹದಿನೆಂಟು. ಮನೇಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ರು. ಅದು ಹೊಟ್ಟೆಗೆ ಹೋದ್ರೆ ಮೂತ್ರ ಕೆಂಪಾಗಿ ಗುರುತು ಕೊಡುತ್ತೆ, ನಮ್ಮ ಕಡೆಯವರಿಗೆಲ್ಲ ಗೊತ್ತು. ನಾನು ಬರೆದ ಮೂರು ಪತ್ರದಲ್ಲಿ ಒಂದಕ್ಷರ ಅವರ ಒಳಗೆ ಹೋದ ಗುರುತಾದ್ರೂ ಬೇಡ್ವಾ?

2024ರ ಆಗಸ್ಟ್ 23ಕ್ಕೆ ಕಾನ್‌ಕಾರ್ಡ್ ಅಂತ ಇಂಥದ್ದೇ ಒಂದು ಆಟ ಬಂದಿತ್ತು, 40 ಡಾಲರ್. ಜನ ಬರಲಿಲ್ಲ. ಸೋನಿಯವರು ಎರಡೇ ವಾರಕ್ಕೆ, ಸೆಪ್ಟೆಂಬರ್ 6ಕ್ಕೆ, ಮುಚ್ಚಿ ಎಲ್ಲರ ದುಡ್ಡು ವಾಪಸ್ ಕೊಟ್ರು. ಆಗ ನಾನೂ ನಕ್ಕಿದ್ದೆ, ಎಂಥಾ ಅವಮಾನ ಅಂತ. ಈಗ ಅನ್ಸುತ್ತೆ, ಮೈದಾನ ಖಾಲಿ ಇದೆ ಅಂತ ಒಪ್ಕೊಂಡು ಟಿಕೆಟ್ ದುಡ್ಡು ವಾಪಸ್ ಕೊಟ್ರಲ್ಲ, ಮರ್ಯಾದಸ್ಥರು.

ನಮ್ಮ ಆರು ಜನರಲ್ಲಿ ದುಡ್ಡು ವಾಪಸ್ ಬಂದಿದ್ದು ಇಬ್ಬರಿಗೆ. ಡೌನ್‌ಲೋಡೇ ಆಗದ ಭಾಗಮಂಡಲದವನಿಗೆ, ಮತ್ತೆ ಕರೆಂಟ್ ಹೋದವನಿಗೆ. ಅವನ ಕಂಪ್ಯೂಟರ್ ಹೊಸದು, ಶೇಡರ್ ಬೇಗ ಮುಗಿದಿತ್ತು, ಕರೆಂಟ್ ಹೋದಾಗ 1 ಗಂಟೆ 51 ನಿಮಿಷ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಕರೆಂಟಿಂದ ಲಾಭ ಆದವನು ಇವನೊಬ್ಬನೇ ಇರ್ಬೇಕು. ಇಬ್ಬರೂ ಈಗ ನನಗೆ ಆಟ ಆಯ್ಕೆ ಮಾಡೋದು ಹೇಗೆ ಅಂತ ಪಾಠ ಮಾಡ್ತಾರೆ.

ನಿಮಗೆ ಹೇಳೋದು ಇಷ್ಟೇ. ಮುಂಗಡ ಕೊಡ್ಲೇಬೇಡಿ, ಸ್ಥಾಪಕ ಗೀಪಕ ಅಂತ ಯಾರು ಕರೆದ್ರೂ. ಬಿಡುಗಡೆ ಆಗಿ ವಾರ ಬಿಟ್ಟು ಈಗ ಎಷ್ಟು ಜನ ಆಡ್ತಿದ್ದಾರೆ ಅನ್ನೋ ಸಂಖ್ಯೆ ನೋಡಿ, ಪಿಸಿ ಆಟಗಳದ್ದು ಹುಡುಕಿದ್ರೆ ಸಿಗುತ್ತೆ. ಆಟ ತೆರೆದ ಕ್ಷಣದಿಂದ ಗಡಿಯಾರ ಇಟ್ಕೊಳ್ಳಿ, ಶೇಡರ್ ಓಡೋವಾಗ್ಲೂ, ಕಾಯೋವಾಗ್ಲೂ. ಒಂದೂವರೆ ಗಂಟೆಗೆ ಮುಚ್ಚಿ. ಮತ್ತೆ ಸುಲಭವಾಗಿ ಗೆಲ್ತಿದ್ರೆ ಎದುರಿನವರ ಪಿಂಗ್ ನೋಡಿ, ನನ್ನ ಹಾಗೆ ಸ್ಟೇಟಸ್ ಹಾಕೋಕೆ ಹೋಗ್ಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ದೂರಿನ ನಂಬರ್ ಬಂದಿದೆ. ಏನಾದ್ರೂ ಆದ್ರೆ ಇಲ್ಲೇ ಬರೀತೀನಿ.

"ಖಾತೆ ಸಮೇತ ಅರ್ಧ ರೇಟಿಗೆ ಕೊಡ್ತೀಯಾ" ಅಂತ ಇಬ್ಬರು ಮೆಸೇಜ್ ಮಾಡಿದ್ದಾರೆ. ಕೊಡಲ್ಲ. ಇಷ್ಟೆಲ್ಲ ಓದಿಯೂ ಕೇಳ್ತೀರಲ್ಲ.

ಕುಶಾಲನಗರದವರು ದುಡ್ಡು ಬೇಡ, ಒಂದು ದಿನ ಪಂದಿಕರಿ ಕಡುಬು ಹಾಕ್ಸು ಅಂದಿದ್ದಾರೆ. ಪೊನ್ನಂಪೇಟೆ ಹುಡುಗ ಏನೂ ಕೇಳಲಿಲ್ಲ, ಅದೇ ಹೆಚ್ಚು ಚುಚ್ಚುತ್ತೆ. ಅವನಿಗೆ 1,000 ಕೊಟ್ಟಿದ್ದೀನಿ. ಇನ್ನು 1,499 ಪುತ್ತರಿ ಹಬ್ಬದ ಒಳಗೆ ಕೊಡ್ಬೇಕು. ಅಲ್ಲಿವರೆಗೆ ಹಳೇ ಸ್ಟಿಕ್‌ಗೇ ಟೇಪ್ ಸುತ್ಕೊಂಡು ಆಡ್ತಿದ್ದಾನೆ.